ಲಾಠಿ ಊರಿನದ್ದಾ, ಸರ್ಕಾರದ್ದಾ?

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮೂರಿನ ಗ್ರಾಮ ಪಂಚಾಯ್ತಿ ಸದಸ್ಯರಿಗೆ ಊರಿನಲ್ಲಿ ಒಂದು ಅನುಮಾನಾಸ್ಪದ ಸಾವು ಆಗಿದ್ದು ಗೊತ್ತಾಯ್ತು ಅಂತಿಟ್ಕೊಳ್ಳಿ. ಅವರು ಪೊಲೀಸರಿಗೆ ತಿಳಿಸಬೇಕಾ, ಬೇಡವಾ? ತಿಳಿಸಲೇಬೇಕು. ಇದು ನಾನು ಹೇಳ್ತಿರೋ ನೀತಿಪಾಠ ಅಲ್ಲ, ಕಾನೂನು. 1973ರ ದಂಡ ಪ್ರಕ್ರಿಯಾ ಸಂಹಿತೆಯ 40ನೇ ಸೆಕ್ಷನ್‌ನಲ್ಲಿ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 34ನೇ ಸೆಕ್ಷನ್‌ನಲ್ಲೂ ಇದೆ. ಕದ್ದ ಮಾಲು ಕೊಳ್ಳೋರು ಊರಲ್ಲಿ ಇದ್ರೆ, ಜೈಲಿಂದ ತಪ್ಪಿಸಿಕೊಂಡವನು ಊರು ಹಾದು ಹೋದ್ರೆ, ಜಾಮೀನು ಸಿಗದಂಥ ಅಪರಾಧ ನಡೆದ್ರೆ, ಊರಿನ ವ್ಯವಹಾರ ನೋಡಿಕೊಳ್ಳೋರು ತಕ್ಷಣ ಹತ್ತಿರದ ಠಾಣೆಗೋ ಮ್ಯಾಜಿಸ್ಟ್ರೇಟರಿಗೋ ವರದಿ ಮಾಡಬೇಕು. ಆ "ನೋಡಿಕೊಳ್ಳೋರು" ಯಾರು ಅನ್ನೋದಕ್ಕೆ ಕಾನೂನೇ ವಿವರಣೆ ಕೊಡುತ್ತೆ: ಪಂಚಾಯ್ತಿ ಸದಸ್ಯರೂ ಅದರಲ್ಲಿ ಸೇರ್ತಾರೆ. (1973ರ ಸಂಹಿತೆಯಲ್ಲಿ ದರೋಡೆಕೋರರ ಜೊತೆಗೆ "ಥಗ್" ಅನ್ನೋ ಪದವೂ ಇತ್ತು. ಥಗ್ಗರ ಕಾಲ ಮುಗಿದು ನೂರು ವರ್ಷ ದಾಟಿದ್ರೂ ಸೆಕ್ಷನ್ ಅವರನ್ನ ಕಾಯ್ತಾ ಕೂತಿತ್ತು.)

ಈಗ ಪ್ರಶ್ನೆ ತಿರುಗಿಸಿ. ಅದೇ ಪಂಚಾಯ್ತಿ ಸದಸ್ಯರು ಠಾಣೆಗೆ ಹೋಗಿ, "ಸಾರ್, ನಮ್ಮೂರಲ್ಲಿ ಆರು ತಿಂಗಳಲ್ಲಿ ಎಷ್ಟು ಕಳ್ಳತನ ಆಯ್ತು, ಎಷ್ಟು ಪತ್ತೆ ಆಯ್ತು, ರಾತ್ರಿ ಬೀಟ್ ಬರ್ತಿದೆಯಾ ಇಲ್ವಾ" ಅಂತ ಕೇಳಿದ್ರೆ? ಒಳ್ಳೆ ಸಬ್ ಇನ್‌ಸ್ಪೆಕ್ಟರ್ ಇದ್ರೆ ಕೂರಿಸಿ, ಟೀ ತರಿಸಿ ಹೇಳ್ತಾರೆ. ಇಲ್ಲದಿದ್ರೆ ಹೇಳಲ್ಲ. ಯಾಕಂದ್ರೆ ಠಾಣೆ ಪಂಚಾಯ್ತಿಗೆ ಜವಾಬ್ದಾರಿ ಅಲ್ಲ. ಮಾಹಿತಿ ಕೆಳಗಿಂದ ಮೇಲಕ್ಕೆ ಹೋಗಲೇಬೇಕು, ಉತ್ತರ ಮೇಲಿಂದ ಕೆಳಕ್ಕೆ ಬರಬೇಕಾಗಿಲ್ಲ. ನಾನು ಓದಿದ್ದು ಎಂಜಿನಿಯರಿಂಗು. ಎಲೆಕ್ಟ್ರಾನಿಕ್ಸ್ ಲ್ಯಾಬಲ್ಲಿ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಪುಟ್ಟ ವಸ್ತುವಿಗೆ ಡಯೋಡ್ ಅಂತೀವಿ. ನಮ್ಮ ಪಂಚಾಯ್ತಿಗೂ ಠಾಣೆಗೂ ಮಧ್ಯ ಒಂದು ಡಯೋಡ್ ಕೂತಿದೆ. ಅದನ್ನ ಅಲ್ಲಿ ಕೂರಿಸಿದ್ದು ಯಾರು, ಯಾವಾಗ?

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿ ತೆಗೆದು ನೋಡಿ. ಒಂದನೇ ವಿಷಯ ಸಾರ್ವಜನಿಕ ಸುವ್ಯವಸ್ಥೆ. ಎರಡನೇದು ಪೊಲೀಸ್. ಐದನೇದು ಸ್ಥಳೀಯ ಸರ್ಕಾರ. ಒಂದೇ ಬೀದಿಯಲ್ಲಿ ಮೂರ್ನಾಲ್ಕು ಮನೆ ದೂರ ಅಷ್ಟೇ. ಆದ್ರೆ ನೂರೈವತ್ತು ವರ್ಷದಿಂದ ಈ ಮನೆಯವರಿಗೂ ಆ ಮನೆಯವರಿಗೂ ಹೋಗಿಬರೋ ಬಳಕೆಯೇ ಇಲ್ಲ.

ಅದಕ್ಕೂ ಮುಂಚೆ ಇತ್ತು. ಹಳೇ ಮೈಸೂರು ಸೀಮೆಯ ಹಳ್ಳಿಯಲ್ಲಿ ಪಟೇಲ ಇದ್ದ, ಶಾನುಭೋಗ ಇದ್ದ, ತಳವಾರ, ತೋಟಿ, ನೀರುಗಂಟಿ ಇದ್ದರು. ಪಟೇಲ ಅಂದ್ರೆ ಬರೀ ಕಂದಾಯ ಎತ್ತೋನಲ್ಲ, ಊರಿನ ಶಾಂತಿಗೆ ಅವನೇ ಹೊಣೆ. ತಳವಾರ ರಾತ್ರಿ ಕಾವಲು. ಅಪರಿಚಿತ ಯಾರು ಬಂದ, ಯಾರ ಮನೆಯಲ್ಲಿ ಉಳಿದ ಅನ್ನೋದು ಅವನಿಗೆ ಗೊತ್ತಿರಬೇಕು. ಊರಿನ ಮೇಲಿನ ಹಂತದಲ್ಲಿ ಕಂದಾಚಾರದವರು, ಅಂದ್ರೆ ಅರ್ಧ ಸೈನಿಕ, ಅರ್ಧ ಪೊಲೀಸ್, ಬಿಡುವಿದ್ದಾಗ ಹೊಲ ಉಳೋ ರೈತ. ಉತ್ತರ ಕರ್ನಾಟಕದ ಮುಂಬೈ ಪ್ರಾಂತ್ಯದ ಜಿಲ್ಲೆಗಳಲ್ಲಿ ಇದೇ ಪದ್ಧತಿಗೆ 1867ರಲ್ಲಿ ಕಾನೂನಿನ ರೂಪ ಸಿಕ್ತು: ಬಾಂಬೆ ಗ್ರಾಮ ಪೊಲೀಸ್ ಕಾಯ್ದೆ. ಅಲ್ಲಿಂದಲೇ "ಪೊಲೀಸ್ ಪಾಟೀಲ" ಅನ್ನೋ ಹೆಸರು. ಆ ಭಾಗದಲ್ಲಿ ಎಷ್ಟೋ ಮನೆತನಗಳಿಗೆ ಇವತ್ತಿಗೂ ಅದೇ ಅಡ್ಡಹೆಸರು ಇದೆಯಲ್ಲ, ಅದು ಒಂದು ಕಾಲದ ಹುದ್ದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಇದೆಲ್ಲ ಚಿನ್ನದಂಥ ಕಾಲ ಆಗಿತ್ತು, ಬ್ರಿಟಿಷರು ಬಂದು ಹಾಳು ಮಾಡಿದ್ರು ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದನ್ನ ನಂಬಬೇಡಿ. ಪಟೇಲಿಕೆ ವಂಶದಿಂದ ವಂಶಕ್ಕೆ ಬರ್ತಿತ್ತು, ಸಾಮಾನ್ಯವಾಗಿ ಊರಿನ ಬಲಿಷ್ಠ ಜಾತಿಯ ಮನೆಗೆ. ತೋಟಿಕೆಯೂ ವಂಶದಿಂದಲೇ ಬರ್ತಿತ್ತು, ಊರಾಚೆ ಕೇರಿಗೆ. ಒಬ್ಬನಿಗೆ ಹುಟ್ಟಿನಿಂದ ಅಧಿಕಾರ, ಇನ್ನೊಬ್ಬನಿಗೆ ಹುಟ್ಟಿನಿಂದ ಚಾಕರಿ. ಪಟೇಲರ ಮನೆ ಜಗಲಿಯಲ್ಲಿ ನಡೀತಿದ್ದ ನ್ಯಾಯ ಯಾರ ಪರ ಇರ್ತಿತ್ತು ಅನ್ನೋದನ್ನ ಊಹೆ ಮಾಡೋಕೆ ಇತಿಹಾಸದಲ್ಲಿ ಡಿಗ್ರಿ ಬೇಕಾಗಿಲ್ಲ.

ಈಗ 1861ಕ್ಕೆ ಬನ್ನಿ. ಇದು ನಿಜವಾದ ತಿರುವು.

ಇಂಗ್ಲೆಂಡಿನವರು ತಮ್ಮ ದೇಶದಲ್ಲಿ ಪೊಲೀಸ್ ಕಟ್ಟಿದ ರೀತಿ ಬೇರೆ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿಗೆ ಮೆಟ್ರೋಪಾಲಿಟನ್ ಪೊಲೀಸ್ ತಂದ. 1835ರಲ್ಲಿ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಬಂತು, ಅದರ ಪ್ರಕಾರ ಪಟ್ಟಣಗಳ ಚುನಾಯಿತ ಕೌನ್ಸಿಲ್ ಒಂದು "ಕಾವಲು ಸಮಿತಿ" ಮಾಡಿಕೊಂಡು ಪೊಲೀಸರನ್ನ ತಾನೇ ನೇಮಿಸಬೇಕು, ತಾನೇ ನೋಡಿಕೊಳ್ಳಬೇಕು. ಪಟ್ಟಣದ ಪೊಲೀಸು ಪಟ್ಟಣದ ಕೌನ್ಸಿಲ್‌ಗೆ ಉತ್ತರ ಕೊಡಬೇಕು. ಹಾಗಾದ್ರೆ ನಮಗೂ ಅದನ್ನೇ ಕೊಟ್ರಾ? ಇಲ್ಲ ಸ್ವಾಮಿ. ನಮಗೆ ಕೊಟ್ಟಿದ್ದು ಐರ್ಲೆಂಡಿನ ಮಾದರಿ. ಐರ್ಲೆಂಡ್ ಆಗ ಅವರ ವಸಾಹತು, ಅಲ್ಲಿನ ಪೊಲೀಸು ಬಂದೂಕು ಹಿಡಿದು ಬ್ಯಾರಕ್ಕಿನಲ್ಲಿ ಇರೋ ಪಡೆ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅದೇ ಮಾದರಿಯಲ್ಲಿ ಅಲ್ಲಿ ಪೊಲೀಸ್ ಕಟ್ಟಿದ. 1857ರ ದಂಗೆ ಆಯ್ತು, ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂತು, 1860ರಲ್ಲಿ ಪೊಲೀಸ್ ಆಯೋಗ ಕೂತಿತು, 1861ರಲ್ಲಿ ಪೊಲೀಸ್ ಕಾಯ್ದೆ ಬಂತು. ಅದರ ಮೂರನೇ ಸೆಕ್ಷನ್: ಪೊಲೀಸರ ಮೇಲ್ವಿಚಾರಣೆ ಪ್ರಾಂತೀಯ ಸರ್ಕಾರದ್ದು. ನಾಲ್ಕನೇ ಸೆಕ್ಷನ್: ಜಿಲ್ಲೆಯಲ್ಲಿ ಪೊಲೀಸ್ ಸೂಪರಿಂಟೆಂಡೆಂಟ್, ಅವನ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟರ ಸಾಮಾನ್ಯ ನಿಯಂತ್ರಣ. ಊರಿನವರ ಮಾತೇ ಇಲ್ಲ. ದಂಗೆ ಎದ್ದ ಊರಿನ ಕೈಗೆ ಲಾಠಿ ಕೊಡೋಕೆ ಯಾವ ಆಳುವವನೂ ಒಪ್ಪಲ್ಲ, ಅವರ ದೃಷ್ಟಿಯಲ್ಲಿ ಅದು ಸರಿಯಾದ ಡಿಸೈನೇ. ಆದ್ರೆ ಆ ಡಿಸೈನು ಅವರು ಹೋದ ಮೇಲೂ ಹಾಗೇ ಯಾಕೆ ಉಳೀತು?

ಇನ್ನೊಂದು ವಿಚಿತ್ರ ಕೇಳಿ. ನಿಯಂತ್ರಣ ಊರಿನದ್ದಲ್ಲ, ಆದ್ರೆ ಪಟ್ಟಣಗಳ ಪೊಲೀಸ್ ಖರ್ಚು ಮಾತ್ರ ಮುನಿಸಿಪಾಲಿಟಿಗಳ ತಲೆಗೆ! ಆರಂಭದ ದಿನಗಳಲ್ಲಿ ಮುನಿಸಿಪಾಲಿಟಿಗಳು ತೆರಿಗೆ ಎತ್ತಿ ಕಾವಲು ಪೊಲೀಸರಿಗೆ ಕೊಡಬೇಕಾಗಿತ್ತು. ಲಾರ್ಡ್ ರಿಪ್ಪನ್ ಬಂದ ಮೇಲೆ, 1880ರ ದಶಕದ ಆರಂಭದಲ್ಲಿ, ಆ ಭಾರ ಇಳಿಸಿ ಆ ದುಡ್ಡನ್ನ ಶಾಲೆ, ಆಸ್ಪತ್ರೆ, ನೈರ್ಮಲ್ಯಕ್ಕೆ ಬಳಸಿ ಅಂದ. 1882ರ ಮೇ 18ರ ಅವನ ನಿರ್ಣಯವನ್ನ ನಮ್ಮ ಪಠ್ಯಪುಸ್ತಕಗಳು ಸ್ಥಳೀಯ ಸ್ವರಾಜ್ಯದ ತಾಯಿಬೇರು ಅಂತ ಹೊಗಳ್ತವೆ, ತಪ್ಪೇನಿಲ್ಲ. ಆದ್ರೆ ಅವತ್ತು ಆದ ಹಂಚಿಕೆ ಗಮನಿಸಿ: ಊರಿನವರಿಗೆ ಚರಂಡಿ, ದೀಪ, ಶಾಲೆ. ಸರ್ಕಾರಕ್ಕೆ ಪೊಲೀಸ್. ಖರ್ಚು ತಪ್ಪಿದ್ದು ಒಳ್ಳೇದೇ ಆಯ್ತು ಅಂತ ಮುನಿಸಿಪಾಲಿಟಿಗಳಿಗೂ ಅನಿಸಿರಬೇಕು. ದುಡ್ಡು ಕೊಡೋದು ನಿಂತಾಗ ಪ್ರಶ್ನೆ ಕೇಳೋ ಹಕ್ಕಿನ ಮಾತೂ ನಿಂತಿತು.

ಇಪ್ಪತ್ತು ವರ್ಷಕ್ಕೆ, 1902ರಲ್ಲಿ ನೇಮಕವಾದ ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ ಆಯೋಗ ಇದೇ ಪೊಲೀಸ್ ವ್ಯವಸ್ಥೆಯನ್ನ ಪರಿಶೀಲಿಸಿ, ಇದು ದಕ್ಷವೂ ಅಲ್ಲ, ಜನ ಇದನ್ನ ಭ್ರಷ್ಟ, ಪೀಡಕ ಅಂತಲೇ ನೋಡ್ತಾರೆ ಅನ್ನೋ ಅರ್ಥದ ವರದಿ ಕೊಟ್ಟಿತು. ಬ್ರಿಟಿಷ್ ಸರ್ಕಾರದ ಆಯೋಗವೇ ಹೇಳಿದ್ದು ಇದು.

ಸ್ವಾತಂತ್ರ್ಯ ಬಂತು. ಸಂವಿಧಾನ ಸಭೆಯಲ್ಲಿ ಗ್ರಾಮ ಪಂಚಾಯ್ತಿ ಬಗ್ಗೆ ದೊಡ್ಡ ಚರ್ಚೆ. 1948ರ ನವೆಂಬರ್ 4ರಂದು ಅಂಬೇಡ್ಕರ್ ಅವರು ಕರಡು ಮಂಡಿಸುವಾಗ ಹಳ್ಳಿಯನ್ನ ಆದರ್ಶ ಮಾಡಬೇಡಿ, ಅದು ಅಜ್ಞಾನದ, ಸಂಕುಚಿತತೆಯ, ಕೋಮುಭಾವದ ಜಾಗ ಅಂತ ಖಡಕ್ಕಾಗಿ ಹೇಳಿದ್ರು. ಎಷ್ಟೋ ಸದಸ್ಯರು ಸಿಟ್ಟಾದ್ರು. ಕೆಲವೇ ದಿನದಲ್ಲಿ ಕೆ. ಸಂತಾನಂ ಅವರ ತಿದ್ದುಪಡಿಯಿಂದ ಗ್ರಾಮ ಪಂಚಾಯ್ತಿ ರಚಿಸಬೇಕು ಅನ್ನೋ ಮಾತು ನಿರ್ದೇಶಕ ತತ್ವಗಳಲ್ಲಿ ಸೇರ್ತು, ಈಗಿನ 40ನೇ ವಿಧಿ. ನನ್ನ ಲೆಕ್ಕದಲ್ಲಿ ಅಂಬೇಡ್ಕರ್ ಎತ್ತಿದ್ದ ಪ್ರಶ್ನೆಗೆ ಆ 40ನೇ ವಿಧಿಯಲ್ಲಿ ಉತ್ತರ ಇಲ್ಲ. ಊರಿನ ಕೈಗೆ ಅಧಿಕಾರ ಅಂದ್ರೆ ಊರಿನಲ್ಲಿ ಯಾರ ಕೈಗೆ? ಚರಂಡಿ ಕಾಂಟ್ರಾಕ್ಟಿನ ವಿಷಯದಲ್ಲಿ ಈ ಪ್ರಶ್ನೆ ಮುಖ್ಯ. ಲಾಠಿ ವಿಷಯದಲ್ಲಿ ಜೀವನ್ಮರಣದ ಪ್ರಶ್ನೆ.

ವಂಶಪಾರಂಪರ್ಯದ ಗ್ರಾಮ ಹುದ್ದೆಗೆ ಕೊನೇ ಪೆಟ್ಟು ಬಿದ್ದಿದ್ದು ಕೋರ್ಟಿನಿಂದ ಮತ್ತು ಶಾಸನಸಭೆಯಿಂದ. 1960ರ ಡಿಸೆಂಬರಿನಲ್ಲಿ ಆಂಧ್ರದ ಗಾಜುಲ ದಶರಥ ರಾಮರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಂಶದ ಕಾರಣಕ್ಕೆ ಗ್ರಾಮಾಧಿಕಾರಿ ಹುದ್ದೆ ಕೊಡೋದು ಸಂವಿಧಾನದ 16ನೇ ವಿಧಿಗೆ ವಿರುದ್ಧ ಅಂತು. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂತು, 1963ರಲ್ಲಿ ಜಾರಿಯಾಯ್ತು. ಪಟೇಲ ಹೋದ, ಶಾನುಭೋಗ ಹೋದ, ಅವನ ಜಾಗಕ್ಕೆ ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗ ಬಂದ. ಹುದ್ದೆಗೆ ಅಂಟಿಕೊಂಡಿದ್ದ ಇನಾಂ ಜಮೀನು, ತಳವಾರಿಕೆ, ತೋಟಿಕೆ ಜಮೀನೂ ಸೇರಿ, ಹಳೇ ಹುದ್ದೆದಾರರಿಗೆ ಮರುಮಂಜೂರು. ಆ ಜಮೀನುಗಳ ವ್ಯಾಜ್ಯ ಇವತ್ತಿಗೂ ಕೋರ್ಟು ಮೆಟ್ಟಿಲು ಹತ್ತುತ್ತೆ.

ಹುಟ್ಟಿನಿಂದ ಬಂದ ಅಧಿಕಾರ ಹೋಗಿದ್ದು ನೂರಕ್ಕೆ ನೂರು ಸರಿ. ಆದ್ರೆ ಪಟೇಲನ ಜೊತೆಗೆ ಇನ್ನೊಂದೂ ಹೋಯ್ತು: ಊರಿನ ಶಾಂತಿಗೆ ಊರಿನೊಳಗೇ ಒಬ್ಬ ಹೊಣೆಗಾರ ಇರಬೇಕು ಅನ್ನೋ ಏರ್ಪಾಡು. ವಂಶದ ಪಟೇಲನ ಜಾಗಕ್ಕೆ ಓಟಿನಿಂದ ಬಂದವರನ್ನ ಕೂರಿಸಬಹುದಿತ್ತು, ಕೂರಿಸಲಿಲ್ಲ. ಬೆಳಗಾವಿ ದಾಟಿ ಆ ಕಡೆ ಹೋಗಿ, ಮಹಾರಾಷ್ಟ್ರದಲ್ಲಿ 1967ರ ಗ್ರಾಮ ಪೊಲೀಸ್ ಕಾಯ್ದೆ ಮಾಡಿ ಪೊಲೀಸ್ ಪಾಟೀಲನನ್ನ ವಂಶದಿಂದ ಬಿಡಿಸಿ, ಸರ್ಕಾರ ನೇಮಿಸೋ ಹುದ್ದೆಯಾಗಿ ಉಳಿಸಿಕೊಂಡರು. ಅಲ್ಲಿ ಇವತ್ತಿಗೂ ಪೊಲೀಸ್ ಪಾಟೀಲ ಇದ್ದಾನೆ. ನಮ್ಮಲ್ಲಿ 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು, ದಳಪತಿ ಅನ್ನೋ ಚೆಂದದ ಹೆಸರೂ ಬಂತು. ಆ ದಳವೂ ಪೊಲೀಸ್ ಇಲಾಖೆಯ ಕೈಕೆಳಗೇ, ಪಂಚಾಯ್ತಿ ಕೈಕೆಳಗಲ್ಲ. ನಿಮ್ಮೂರಿನ ದಳಪತಿ ಯಾರು ಅಂತ ನಾಳೆ ಯಾರನ್ನಾದ್ರೂ ಕೇಳಿ ನೋಡಿ.

ಅದೇ 1963ರಲ್ಲಿ ರಾಜ್ಯದ ಪೊಲೀಸ್ ಕಾಯ್ದೆಯೂ ಬಂತು, ಈಗಲೂ ನಮಗೆ ಅದೇ ಮೂಲ ಕಾಯ್ದೆ. ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು, ಹೀಗೆ ಐದು ಕಡೆಯ ಐದು ಥರ ಕಾನೂನನ್ನ ಒಂದು ಮಾಡಿದ್ದು ಅದರ ದೊಡ್ಡ ಕೆಲಸ. ಎಲ್ಲಾ ಕಡೆ ಸಮಾನ ಆಯ್ತು. ಬುನಾದಿ ಮಾತ್ರ 1861ರದ್ದೇ.

ಈಗ ನಮ್ಮ ರಾಜ್ಯ ಎದೆ ತಟ್ಟಿಕೊಳ್ಳಬೇಕಾದ ಅಧ್ಯಾಯ. 1983. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ "ನೀರ್ ಸಾಬ್" ಅಂತ ಹೆಸರಾದವರು. ಅವರು ತಂದ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ, ಹೆಂಗಸರಿಗೆ ಶೇಕಡ 25 ಮೀಸಲಾತಿ. ರಾಷ್ಟ್ರಪತಿ ಅಂಕಿತ ಬೀಳೋಕೆ 1985 ಆಯ್ತು, ಚುನಾವಣೆ 1987ರ ಜನವರಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಮಂತ್ರಿ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಆಗಿ ಬಂದ ಐಎಎಸ್ ಅಧಿಕಾರಿ ಡೆಪ್ಯುಟಿ ಕಮಿಷನರ್‌ಗಿಂತ ಸೀನಿಯರ್! ಡಿಸಿ ಸಾಹೇಬರು ಅಂದ್ರೆ ಜಿಲ್ಲೆಗೆ ದೇವರು ಅಂತಿದ್ದ ಕಾಲದಲ್ಲಿ ಇದು ಎಂಥ ಧೈರ್ಯ ಯೋಚನೆ ಮಾಡಿ. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. ಇನ್ನೊಂದು ಹತ್ತು ವರ್ಷ ಇರಬೇಕಿತ್ತು ಆ ಮನುಷ್ಯ.

ಆದ್ರೆ ಆ ಧೈರ್ಯವೂ ಒಂದು ಬಾಗಿಲ ಹತ್ತಿರ ಬಂದು ನಿಂತುಬಿಡ್ತು. ಶಾಲೆ, ಆಸ್ಪತ್ರೆ, ರಸ್ತೆ, ಕೃಷಿ, ಎಲ್ಲ ಪರಿಷತ್ತಿಗೆ. ಕಂದಾಯ ಮತ್ತು ಕಾನೂನು ಸುವ್ಯವಸ್ಥೆ ಡಿಸಿ, ಎಸ್‌ಪಿ ಹತ್ತಿರವೇ. ಕಾಯ್ದೆಯ ಉದ್ದನೆ ಹೆಸರಿನಲ್ಲಿ "ನ್ಯಾಯ ಪಂಚಾಯ್ತಿ" ಅಂತಲೂ ಇತ್ತು, ಅದು ಹೆಸರಿನಲ್ಲೇ ಉಳೀತು.

ದೆಹಲಿಯಲ್ಲಿ ರಾಜೀವ್ ಗಾಂಧಿ ಸರ್ಕಾರದ 64ನೇ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿತ್ತು. ಪಿ.ವಿ. ನರಸಿಂಹರಾವ್ ಕಾಲದಲ್ಲಿ 73 ಮತ್ತು 74ನೇ ತಿದ್ದುಪಡಿ ಆಯ್ತು, ಒಂದು 1993ರ ಏಪ್ರಿಲ್ 24ರಿಂದ, ಇನ್ನೊಂದು ಜೂನ್ 1ರಿಂದ ಜಾರಿ. ಹಳ್ಳಿಗಳಿಗೆ 11ನೇ ಅನುಸೂಚಿ, 29 ವಿಷಯ. ಪಟ್ಟಣಗಳಿಗೆ 12ನೇ ಅನುಸೂಚಿ, 18 ವಿಷಯ. ಮೀನುಗಾರಿಕೆ ಇದೆ, ಸ್ಮಶಾನ ಇದೆ, ಬೀದಿದೀಪ ಇದೆ, ಕಸಾಯಿಖಾನೆ ಇದೆ. ಎರಡನ್ನೂ ಕೂಡಿಸಿದ್ರೆ 47. ಪೊಲೀಸ್ ಇಲ್ಲ.

ಇದರ ಪರಿಣಾಮ ಬೆಂಗಳೂರಿನ ಯಾವುದೇ ರಸ್ತೆಯಲ್ಲಿ ಕಣ್ಣಿಗೆ ಕಾಣುತ್ತೆ. ಫುಟ್‌ಪಾತ್ ಪಾಲಿಕೆಯದ್ದು, ಅದರ ಮೇಲೆ ನಿಂತ ಬೈಕು ಟ್ರಾಫಿಕ್ ಪೊಲೀಸರದ್ದು. ಅಕ್ರಮ ಕಟ್ಟಡ ಒಡೆಯೋ ಆದೇಶ ಪಾಲಿಕೆಯದ್ದು, ಜೆಸಿಬಿ ಪಾಲಿಕೆಯದ್ದು, ಬಂದೋಬಸ್ತ್ ಪೊಲೀಸರದ್ದು. "ಬಂದೋಬಸ್ತ್ ಸಿಗಲಿಲ್ಲ, ಕಾರ್ಯಾಚರಣೆ ಮುಂದೂಡಿಕೆ" ಅನ್ನೋ ಸಾಲನ್ನ ನಾನು ಸ್ಕ್ರೀನಿನ ಕೆಳಗೆ ಓಡಿಸಿದ್ದಕ್ಕೆ ಲೆಕ್ಕ ಇಲ್ಲ. ಅದಕ್ಕೇ 1996ರಲ್ಲಿ ಪಾಲಿಕೆ, ಬಿಡಿಎ ಆಸ್ತಿ ಕಾಯೋಕೆ ಅಂತ ಬಿಎಂಟಿಎಫ್ ಮಾಡಿದ್ರು. ಆಮೇಲೆ ಕಸಕ್ಕೆ, ಕೋವಿಡ್ ಬಂದಾಗ ಮಾಸ್ಕಿಗೆ ಅಂತ ಮಾರ್ಷಲ್‌ಗಳನ್ನ ಇಳಿಸಿದ್ರು. ದಂಡ ಹಾಕಬಹುದು, ಹಿಡಿಯೋಕಾಗಲ್ಲ. ಮುಖ್ಯ ಲೈನಿನಲ್ಲಿ ಕರೆಂಟ್ ಕೊಡದಿದ್ರೆ ಜನ ಪಕ್ಕದಿಂದ ವೈರು ಎಳೀತಾರೆ. ಪಾಲಿಕೆ ಮಾಡಿದ್ದೂ ಅದೇ.

ಈ ಮಧ್ಯೆ ಪೊಲೀಸ್ ಕಡೆಯಿಂದಲೂ ಒಂದು ಕಥೆ ನಡೀತಿತ್ತು. ತುರ್ತು ಪರಿಸ್ಥಿತಿಯಲ್ಲಿ ಪೊಲೀಸರ ದುರ್ಬಳಕೆ ಆಗಿದ್ದನ್ನ ಷಾ ಆಯೋಗ ದಾಖಲಿಸಿತ್ತು. 1977ರಲ್ಲಿ ಧರ್ಮವೀರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ, 1979ರಿಂದ 81ರವರೆಗೆ ಎಂಟು ವರದಿ. ವರದಿಗಳು ಕಪಾಟು ಸೇರಿದವು. 1996ರಲ್ಲಿ ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ ಸುಪ್ರೀಂ ಕೋರ್ಟಿಗೆ ಹೋದ್ರು. ಹತ್ತು ವರ್ಷ ಆದ ಮೇಲೆ, 2006ರ ಸೆಪ್ಟೆಂಬರ್ 22ಕ್ಕೆ ತೀರ್ಪು. ಏಳು ನಿರ್ದೇಶನ. ಠಾಣಾಧಿಕಾರಿಗೆ, ಎಸ್‌ಪಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗ. ವರ್ಗಾವಣೆ ನೋಡೋಕೆ ಪೊಲೀಸ್ ಸಿಬ್ಬಂದಿ ಮಂಡಳಿ. ತನಿಖೆ ಬೇರೆ, ಬಂದೋಬಸ್ತ್ ಬೇರೆ. ರಾಜ್ಯದಲ್ಲೂ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ, ಜಿಲ್ಲೆಯದ್ದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರು.

ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಮಂಡಳಿ ಬಂತು, ಪ್ರಾಧಿಕಾರ ಬಂತು. ಎರಡು ವರ್ಷ ಅಂತ ಕೋರ್ಟ್ ಹೇಳಿದ ಅವಧಿ ನಮ್ಮಲ್ಲಿ ಒಂದು ವರ್ಷ ಆಯ್ತು. ಅದನ್ನ ಎರಡಕ್ಕೆ ಏರಿಸೋಕೆ ಮತ್ತೆ ಹತ್ತು ವರ್ಷದ ಮೇಲೆ ಹಿಡೀತು. ಆ ಒಂದು ವರ್ಷದ ಆಸೆ ಯಾಕೆ ಅಷ್ಟು ಗಟ್ಟಿ? ವರ್ಗಾವಣೆ ಕಾಲದಲ್ಲಿ ವಿಧಾನಸೌಧದ ಕಾರಿಡಾರಿನಲ್ಲಿ ಓಡಾಡಿದ ಯಾವ ವರದಿಗಾರನೂ ಹೇಳ್ತಾನೆ. ಶಾಸಕರ ಶಿಫಾರಸು ಪತ್ರ. ನಮ್ಮ ಕ್ಷೇತ್ರದ ಠಾಣೆಗೆ ನಮ್ಮ ಇನ್‌ಸ್ಪೆಕ್ಟರ್.

ಇಡೀ ಇತಿಹಾಸದಲ್ಲಿ ನನಗೆ ಕಾಡೋ ಜಾಗ ಇದು. ಕಾನೂನಿನ ಪ್ರಕಾರ ಪಂಚಾಯ್ತಿ ಅಧ್ಯಕ್ಷೆಗೆ ಠಾಣೆ ಮೇಲೆ ಅಧಿಕಾರ ಇಲ್ಲ. ಕಾನೂನಿನ ಪ್ರಕಾರ ಶಾಸಕರಿಗೂ ಇಲ್ಲ. ಆದ್ರೆ ಒಬ್ಬರ ಪತ್ರ ನಡೆಯುತ್ತೆ, ಇನ್ನೊಬ್ಬರ ಪತ್ರಕ್ಕೆ ಸ್ವೀಕೃತಿ ಸೀಲೂ ಬೀಳಲ್ಲ. ಊರಿನ ಕೈಗೆ ಪೊಲೀಸ್ ಕೊಟ್ರೆ ಬಲಿಷ್ಠರ ಕೈಗೆ ಹೋಗುತ್ತೆ ಅನ್ನೋ ಭಯ ನಿಜ, ಅಂಬೇಡ್ಕರ್ ಮಾತನ್ನ ನಾನು ಮರೆತಿಲ್ಲ. ಕೊಡದೇ ಇದ್ದಾಗಲೂ ಅದು ಬಲಿಷ್ಠರ ಕೈಯಲ್ಲೇ ಇದೆ, ಕಾಗದದಲ್ಲಿ ಮಾತ್ರ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರಿಂದ ಪೊಲೀಸ್ ಮತ್ತು ಅಪರಾಧ ಕಮಿಷನರುಗಳನ್ನ ಜನರೇ ಓಟು ಹಾಕಿ ಆರಿಸೋಕೆ ಶುರು ಮಾಡಿದ್ರು. ಓಟು ಹಾಕಿದವರ ಸಂಖ್ಯೆ ನಿರಾಶಾದಾಯಕ, ಅದೂ ಮಾದರಿ ಅಂತ ನಾನು ಹೇಳಲ್ಲ. ನಮಗೆ ಬೇಕಾಗಿರೋದು ಅದಕ್ಕಿಂತ ಸಣ್ಣದು: ಠಾಣೆಯ ಲೆಕ್ಕ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಮುಂದೆ, ಕೌನ್ಸಿಲ್ ಮುಂದೆ ಬರೋದು. ತನಿಖೆಗೆ ಯಾರೂ ಕೈ ಹಾಕೋದು ಬೇಡ. ಯಾರನ್ನ ಹಿಡೀಬೇಕು, ಯಾರನ್ನ ಬಿಡಬೇಕು ಅನ್ನೋದು ಅಧ್ಯಕ್ಷರ ಕೆಲಸ ಅಲ್ಲ. ಬೀಟ್ ಬಂತಾ, ದೂರು ಬರೆದುಕೊಂಡ್ರಾ, ಎಷ್ಟು ದಿನ ಹಿಡೀತು, ಇಷ್ಟನ್ನ ಕೇಳೋ ಹಕ್ಕು.

ಆದ್ರೆ ಕೇಳೋರು ಯಾರು ಉಳಿದಿದ್ದಾರೆ ನೋಡಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳಿಗೆ ಕೊನೇ ಚುನಾವಣೆ 2016ರಲ್ಲಿ, ಅವಧಿ ಮುಗಿದಿದ್ದು 2021ರಲ್ಲಿ. ಬೆಂಗಳೂರು ಪಾಲಿಕೆ ಕೌನ್ಸಿಲ್ 2020ರ ಸೆಪ್ಟೆಂಬರಿನಲ್ಲಿ ಮನೆಗೆ ಹೋಯ್ತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ಕ್ಕೆ ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯ್ತು, ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ಐದು ಪಾಲಿಕೆ, ಐದು ಕಮಿಷನರ್, ಆಡಳಿತಾಧಿಕಾರಿ ಎಲ್ಲ ಬಂದ್ರು, ಚುನಾವಣೆ ಮಾತ್ರ ಜೊತೆಗೆ ಬರಲಿಲ್ಲ. ಸಂವಿಧಾನ ಐದೇ ವರ್ಷ ಅಂತ ಬರೆದಿದೆ, ಅವಧಿ ಮುಗಿಯೋದ್ರೊಳಗೆ ಚುನಾವಣೆ ಮುಗಿಸಬೇಕು ಅಂತ 2006ರಲ್ಲೇ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೀಸಲಾತಿ ಪಟ್ಟಿ, ಕ್ಷೇತ್ರ ವಿಂಗಡಣೆ, ಹಿಂದುಳಿದ ವರ್ಗಗಳ ಲೆಕ್ಕ ಅಂತ ಒಂದಾದ ಮೇಲೊಂದು ಕಾರಣ. ಮೂರು ಪಕ್ಷಗಳ ಸರ್ಕಾರಗಳನ್ನೂ ನೋಡಿದ್ದೀವಿ, ಯಾರಿಗೂ ಅವಸರ ಇದ್ದ ಹಾಗೆ ಕಾಣಲಿಲ್ಲ.

ಹಾಗಾಗಿ 1987ರಲ್ಲಿ ರಾಜ್ಯ ಮಂತ್ರಿ ದರ್ಜೆ ಕೊಟ್ಟು ಕೂರಿಸಿದ್ದ ಕುರ್ಚಿ ಇವತ್ತು ಜಿಲ್ಲಾ ಪಂಚಾಯ್ತಿ ಕಚೇರಿಗಳಲ್ಲಿ ಖಾಲಿ ಇದೆ. ಪಕ್ಕದ ಕಟ್ಟಡದಲ್ಲಿ ಎಸ್‌ಪಿ ಸಾಹೇಬರ ಕುರ್ಚಿ ಭರ್ತಿ ಇದೆ, ಮೇಲಿನವರು ವರ್ಗಾವಣೆ ಮಾಡೋವರೆಗೆ.